ನಿಬಂಧನೆಯುಳ್ಳ ದಾನ

ಕೊಟ್ಟ ಮೇಲೆ ಕೊಟ್ಟವನಿಗೆ ಆ ವಸ್ತುವಿನಲ್ಲಿ ಯಾವ ಹಕ್ಕೂ ಉಳಿಯಲಾಗದೆಂಬುದು ದಾನದ ವಿಷಯದಲ್ಲಿ ನಮ್ಮ ಹಿರಿಯರು ಕಂಡುಕೊಂಡ ಮೊದಲನೆಯ ಮಾತು. ಧಾರೆಯೆರೆದು ‘ಇದು ನನ್ನದಲ್ಲ’ ಎಂದು ನುಡಿದ ಕ್ಷಣದಲ್ಲಿಯೇ ವಸ್ತುವಿನೊಡನೆ ಮಮಕಾರವೂ ಕೈಬಿಟ್ಟು ಹೋಗಬೇಕು. ಹೋಗದಿದ್ದರೆ ಅದು ವ್ಯಾಪಾರವಾದೀತೇ ಹೊರತು ದಾನವಾಗದು. ಭಗವದ್ಗೀತೆಯು ದಾನವನ್ನು ಮೂರು ಬಗೆಯಾಗಿ ವಿಂಗಡಿಸಿ, ಪ್ರತ್ಯುಪಕಾರವನ್ನಾಗಲಿ ಫಲವನ್ನಾಗಲಿ ಬಯಸಿ ಕೊಟ್ಟುದನ್ನು ರಾಜಸವೆಂದು ಕೆಳಗಣ ಮೆಟ್ಟಿಲಿನಲ್ಲಿ ನಿಲ್ಲಿಸಿದೆ. ಹಾಗಿರುವಲ್ಲಿ, ‘ಇಷ್ಟು ಹಣವನ್ನು ಕೊಡುತ್ತೇನೆ, ಆದರೆ ನೀವು ಹೀಗೆ ನಡೆದುಕೊಂಡರೆ ಮಾತ್ರ’ ಎನ್ನುವವರನ್ನು ನಾವು ದಾನಿಗಳೆಂದು ಕರೆಯಬಹುದೆ?

ಕರೆಯಲಾಗದೆಂದು ಥಟ್ಟನೆ ಹೇಳಿಬಿಡುವುದು ಸುಲಭ. ಆದರೆ ಅದೇ ಗೀತೆಯು ಸಾತ್ತ್ವಿಕ ದಾನಕ್ಕೂ ದೇಶ, ಕಾಲ, ಪಾತ್ರಗಳ ವಿವೇಚನೆಯನ್ನು ವಿಧಿಸಿದೆ. ನಮ್ಮ ನಾಡಿನ ದತ್ತಿಶಾಸನಗಳನ್ನು ನೋಡಿದವರಿಗೆ ಇನ್ನೊಂದು ಸಂಗತಿಯೂ ತಿಳಿದಿದೆ. ಭೂಮಿಯನ್ನು ಬಿಟ್ಟ ದಾನಿಯು ಅದು ಯಾವ ಕಾರ್ಯಕ್ಕೆ ಸಲ್ಲಬೇಕೆಂಬುದನ್ನು ವಿವರವಾಗಿ ಬರೆಯಿಸಿ, ಆ ಧರ್ಮವನ್ನು ಕೆಡಿಸಿದವನಿಗೆ ಘೋರವಾದ ಶಾಪವನ್ನು ಕೊನೆಯಲ್ಲಿ ಕೆತ್ತಿಸದೆ ಬಿಡುತ್ತಿರಲಿಲ್ಲ. 1162ನೆಯ ಇಸವಿಯ ಬಳ್ಳಿಗಾವೆಯ ಶಾಸನವೊಂದು ಕೋಡಿಯಮಠವನ್ನು ವರ್ಣಿಸುವಾಗ, ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುವ ಸ್ಥಾನವೆಂದೂ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುವ ಸ್ಥಾನವೆಂದೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ವಿದ್ಯೆಯೂ ವೈದ್ಯವೂ ಒಂದೇ ಮಾಡಿನ ಕೆಳಗೆ ದಾನದ ಬಲದಿಂದ ನಡೆದುದು ನಮಗೆ ಹೊಸತಲ್ಲ; ಆ ದಾನಕ್ಕೆ ಕಟ್ಟುಪಾಡುಗಳಿದ್ದುದೂ ಹೊಸತಲ್ಲ. ಆದುದರಿಂದ ಪ್ರಶ್ನೆಯನ್ನು ತುಸು ನಿಧಾನವಾಗಿ ವಿಚಾರಮಾಡುವುದು ಉಚಿತ. ಅದಕ್ಕೆ ಅಮೆರಿಕ ದೇಶದ ಬಾಲ್ಟಿಮೋರ್ ನಗರದ ಒಂದು ವೃತ್ತಾಂತವು ಬಹಳ ಮಟ್ಟಿಗೆ ಸಹಾಯಕವಾಗುವುದು.

ಆ ನಗರದ ವರ್ತಕನಾದ ಜಾನ್ಸ್ ಹಾಪ್ಕಿನ್ಸ್ ಎಂಬಾತನು 1873ನೆಯ ಡಿಸೆಂಬರಿನಲ್ಲಿ ತೀರಿಕೊಂಡಾಗ, ಅವಿವಾಹಿತನಾಗಿದ್ದ ಅವನ ಮರಣಶಾಸನದಿಂದ 70 ಲಕ್ಷ ಡಾಲರುಗಳಷ್ಟು ಸ್ವತ್ತು ಒಂದು ವಿಶ್ವವಿದ್ಯಾನಿಲಯಕ್ಕೂ ಒಂದು ಆಸ್ಪತ್ರೆಗೂ ಸಮಪಾಲಾಗಿ ಸಂದಿತು. ಅದೇ ವರ್ಷದ ಮಾರ್ಚಿಯಲ್ಲಿ ಆತನು ಆಸ್ಪತ್ರೆಯ ಧರ್ಮದರ್ಶಿಗಳಿಗೆ ಬರೆದ ಪತ್ರದಲ್ಲಿ ಎರಡು ಮುಖ್ಯವಾದ ಅಪ್ಪಣೆಗಳಿದ್ದುವು. ನಗರದ ಬಡರೋಗಿಗಳಿಗೆ ಲಿಂಗ, ವಯಸ್ಸು, ಮೈಬಣ್ಣಗಳ ಭೇದವಿಲ್ಲದೆ ಚಿಕಿತ್ಸೆ ದೊರೆಯಬೇಕೆಂಬುದು ಒಂದು. ಆಸ್ಪತ್ರೆಯು ಮುಂದೆ ವಿಶ್ವವಿದ್ಯಾನಿಲಯದ ವೈದ್ಯಶಾಲೆಯ ಅಂಗವಾಗಿರಬೇಕೆಂಬುದು ಇನ್ನೊಂದು. ವಿಶ್ವವಿದ್ಯಾನಿಲಯವು 1876ರಲ್ಲಿಯೂ ಆಸ್ಪತ್ರೆಯು 1889ರಲ್ಲಿಯೂ ಬಾಗಿಲು ತೆರೆದುವು. ಆದರೆ ವಿಶ್ವವಿದ್ಯಾನಿಲಯದ ಮೂಲಧನವು ಒಂದು ರೈಲ್ವೆ ಕಂಪೆನಿಯ ಷೇರುಗಳಲ್ಲಿ ತೊಡಗಿದ್ದುದರಿಂದ, ಆ ಕಂಪೆನಿಯ ಲಾಭಾಂಶವು ನಿಂತಾಗ ವೈದ್ಯಶಾಲೆಗೆ ಹಣವೇ ಇಲ್ಲದಂತಾಯಿತು.

ಆಗ ಧರ್ಮದರ್ಶಿಗಳ ಪುತ್ರಿಯರಾದ ಕೆಲವು ಸ್ತ್ರೀಯರು ಮುಂದೆ ಬಂದರು. ಅವರು ದೇಶದ ನಾನಾ ನಗರಗಳಲ್ಲಿ ಸಮಿತಿಗಳನ್ನು ಕಟ್ಟಿ, 1890ರಲ್ಲಿ ಒಂದು ಲಕ್ಷ ಡಾಲರುಗಳನ್ನು ಕೂಡಿಸಿ, ಪುರುಷರಿಗಿರುವ ಕ್ರಮದಲ್ಲಿಯೇ ಸ್ತ್ರೀಯರಿಗೂ ಪ್ರವೇಶವಿರಬೇಕೆಂಬ ನಿಬಂಧನೆಯೊಡನೆ ಒಪ್ಪಿಸುವೆವೆಂದರು. ಐದು ಲಕ್ಷವಾಗದೆ ಶಾಲೆಯನ್ನು ತೆರೆಯಲಾಗದೆಂದು ಧರ್ಮದರ್ಶಿಗಳು ಹೇಳಿದರು. 1892ರ ಡಿಸೆಂಬರಿನಲ್ಲಿ ಮೇರಿ ಎಲಿಜಬೆತ್ ಗ್ಯಾರೆಟ್ ಎಂಬಾಕೆಯು ತನ್ನ ಸ್ವಂತ ಹಣದಿಂದ 3,06,977 ಡಾಲರುಗಳನ್ನು ಕೊಟ್ಟು ಆ ಮೊತ್ತವನ್ನು ತುಂಬಿಸಿದಳು. ಸ್ತ್ರೀಪ್ರವೇಶದ ನಿಬಂಧನೆಯ ಜೊತೆಗೆ, ಸೇರುವ ವಿದ್ಯಾರ್ಥಿಗಳು ಪದವೀಧರರಾಗಿದ್ದು ವಿಜ್ಞಾನಗಳನ್ನೂ ಫ್ರೆಂಚ್, ಜರ್ಮನ್ ಭಾಷೆಗಳನ್ನೂ ಅರಿತಿರಬೇಕೆಂದು ಆಕೆ ಮತ್ತೊಂದು ನಿಬಂಧನೆಯನ್ನು ಸೇರಿಸಿದಳು. ಆ ಕಾಲದ ಅಮೆರಿಕದ ಬಹುಪಾಲು ವೈದ್ಯಶಾಲೆಗಳಲ್ಲಿ ಪದವಿಯ ಮಾತೇ ಇರಲಿಲ್ಲ. ಈ ಮಟ್ಟವು ಪ್ರೊಫೆಸರ್ ವೆಲ್ಚ್ ತಾನೇ ಹಿಂದೆ ಆದರ್ಶವೆಂದು ಬರೆದಿಟ್ಟಿದ್ದ ಮಟ್ಟ. ಗ್ಯಾರೆಟ್ ಆ ಕಾಗದದ ಮಾತನ್ನು ಕಟ್ಟುಪಾಡಾಗಿ ಮಾಡಿದಳು. ತಾವಿಬ್ಬರೂ ವಿದ್ಯಾರ್ಥಿಗಳಾಗಿ ಬಂದಿದ್ದರೆ ಪ್ರವೇಶವೇ ಸಿಕ್ಕುತ್ತಿರಲಿಲ್ಲವೆಂದು ವೈದ್ಯ ಆಸ್ಲರ್ ಅವನೊಡನೆ ಹಾಸ್ಯಮಾಡಿದನಂತೆ. 1893ರ ಅಕ್ಟೋಬರಿನಲ್ಲಿ ಶಾಲೆಯು ಆರಂಭವಾದಾಗ ಸೇರಿದ 18 ಮಂದಿಯಲ್ಲಿ ಮೂವರು ಸ್ತ್ರೀಯರು.

ಇಲ್ಲಿ ನಮ್ಮ ಪ್ರಶ್ನೆಯು ಸ್ಪಷ್ಟವಾದ ರೂಪವನ್ನು ತಾಳುತ್ತದೆ. ಒಂದು ಸಂಸ್ಥೆಯು ಹಣವಿಲ್ಲದೆ ಕಂಗೆಟ್ಟಿರುವ ಸಮಯವನ್ನು ನೋಡಿ, ಅದು ತಾನಾಗಿ ಒಪ್ಪದಿದ್ದ ಮಾತನ್ನು ಹಣದ ಬಲದಿಂದ ಒಪ್ಪಿಸಿದುದು ಬಲಾತ್ಕಾರವಲ್ಲವೆ? ಅಹುದು, ಬಲವನ್ನು ಪ್ರಯೋಗಿಸಿದುದನ್ನು ಅಲ್ಲಗಳೆಯಲಾಗದು. ಅಷ್ಟೇ ಹಣವುಳ್ಳ ಇನ್ನೊಬ್ಬನು ಬಂದು ‘ಸ್ತ್ರೀಯರನ್ನು ಎಂದಿಗೂ ಸೇರಿಸಬಾರದು’ ಎಂದಿದ್ದರೆ ಅವನ ನಿಬಂಧನೆಯ ಆಕಾರವೂ ಇದೇ ಆಗಿರುತ್ತಿತ್ತು. ಆದುದರಿಂದ ‘ನಿಬಂಧನೆಯಿರಬಹುದು’ ಎಂಬ ವಿಧಿಯೂ ‘ಇರಲಾಗದು’ ಎಂಬ ನಿಷೇಧವೂ ನಮಗೆ ದಾರಿಯನ್ನು ತೋರಲಾರವು. ನಿಬಂಧನೆಯು ಯಾರ ಕಡೆಗೆ ಮುಖಮಾಡಿದೆಯೆಂಬುದನ್ನು ನೋಡಬೇಕು.

ದಾನಿಯ ಕಡೆಗೇ ಮುಖಮಾಡಿದ ನಿಬಂಧನೆಗಳಿವೆ: ನನ್ನ ಹೆಸರನ್ನು ಕೆತ್ತಿಸಿರಿ, ನನ್ನ ಬಂಧುವಿಗೆ ಉದ್ಯೋಗ ಕೊಡಿರಿ, ನನ್ನ ಮತವನ್ನು ಬೋಧಿಸಿರಿ ಎಂಬಂಥವು. ಇವುಗಳಲ್ಲಿ ಕೊಟ್ಟ ಕೈಯು ಇನ್ನೂ ಮಡಿಸಿಕೊಂಡೇ ಇದೆ. ಬಾಗಿಲಿನ ಹೊರಗೆ ನಿಂತು, ಕೇಳಲು ದನಿಯಿಲ್ಲದವನ ಕಡೆಗೆ ಮುಖಮಾಡಿದ ನಿಬಂಧನೆಗಳೂ ಇವೆ. ಗ್ಯಾರೆಟ್‌ಗೆ ಆಗ 38 ವರ್ಷ. ಆ ಶಾಲೆಯಲ್ಲಿ ಆಕೆ ಓದಲಿಲ್ಲ. ಆಕೆ ಬೇಡಿದುದೆಲ್ಲ ಆಕೆಗೆ ಪರಿಚಯವಿಲ್ಲದವರಿಗೆ, ಇನ್ನೂ ಹುಟ್ಟದವರಿಗೆ ಸಂದಿತು. ಸಂಸ್ಥೆಯು ತಾನೇ ಆಡಿದ ಒಳ್ಳೆಯ ಮಾತಿಗೆ ಅದನ್ನು ಕಟ್ಟಿಹಾಕುವ ನಿಬಂಧನೆಯು ಸಂಸ್ಥೆಯ ಸ್ವಾತಂತ್ರ್ಯವನ್ನು ಕಸಿಯುವುದೆನ್ನುವುದಕ್ಕಿಂತ, ಅದರ ಆತ್ಮಸಾಕ್ಷಿಗೆ ಬೆಂಬಲವಾಗಿ ನಿಲ್ಲುವುದೆನ್ನುವುದು ಸರಿ.

ಫಲವನ್ನು ನೋಡಿದರೆ ಈ ಮಾತು ಇನ್ನೂ ದೃಢವಾಗುವುದು. 1900ರಲ್ಲಿ ಅಲ್ಲಿ ಪದವಿ ಪಡೆದ ಫ್ಲಾರೆನ್ಸ್ ಸೇಬಿನ್ 1917ರಲ್ಲಿ ಅದೇ ಶಾಲೆಯಲ್ಲಿ ಪೂರ್ಣ ಪ್ರೊಫೆಸರ್ ಪದವಿಗೇರಿದ ಮೊದಲ ಮಹಿಳೆಯಾದಳು. ಹೆಲೆನ್ ಟೌಸಿಗ್ ಎಂಬಾಕೆಯು ಹಾರ್ವರ್ಡ್ ವೈದ್ಯಶಾಲೆಯಲ್ಲಿ ಸ್ತ್ರೀಯರಿಗೆ ಪದವಿಯಿಲ್ಲದಿದ್ದ ಕಾಲದಲ್ಲಿ ಬಾಲ್ಟಿಮೋರಿಗೆ ಬಂದು 1927ರಲ್ಲಿ ವೈದ್ಯಳಾದಳು. ಹುಟ್ಟಿನಿಂದಲೇ ಹೃದಯದೋಷದಿಂದ ಮೈ ನೀಲಿಗಟ್ಟಿ ಸಾಯುತ್ತಿದ್ದ ಶಿಶುಗಳನ್ನು ಉಳಿಸುವ ಉಪಾಯವು ಆಕೆಗೆ ಹೊಳೆದು, 1944ರ ನವೆಂಬರಿನಲ್ಲಿ ಬ್ಲಾಲಾಕ್ ಎಂಬ ಶಸ್ತ್ರವೈದ್ಯನ ಕೈಯಿಂದ ಅದು ನೆರವೇರಿತು. 1892ರ ಒಂದು ನಿಬಂಧನೆಯು 52 ವರ್ಷಗಳ ಮೇಲೆ ಮಗುವೊಂದರ ಉಸಿರಾಯಿತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಕಥೆಯು ಇಂಪಾಗಿರುತ್ತಿತ್ತು, ಸತ್ಯವಾಗಿರುತ್ತಿರಲಿಲ್ಲ. ಆ ಶಸ್ತ್ರಚಿಕಿತ್ಸೆಯ ಕೈಚಳಕವನ್ನು ಪ್ರಯೋಗಶಾಲೆಯಲ್ಲಿ ಸಾಧಿಸಿ, ಬ್ಲಾಲಾಕನ ಬೆನ್ನ ಹಿಂದೆ ನಿಂತು ಸೂಚನೆ ಕೊಡುತ್ತಿದ್ದ ವಿವಿಯನ್ ಥಾಮಸ್ ಎಂಬ ಕಪ್ಪುವರ್ಣದವನು ವೈದ್ಯವಿದ್ಯಾಲಯದ ಮುಖವನ್ನು ವಿದ್ಯಾರ್ಥಿಯಾಗಿ ಕಂಡವನಲ್ಲ. ಮೈಬಣ್ಣದ ಭೇದವಿರಬಾರದೆಂದು ಹಾಪ್ಕಿನ್ಸ್ ಬರೆದಿದ್ದರೂ ಆಸ್ಪತ್ರೆಯ ಒಳಗೆ ಗೋಡೆಯೆದ್ದು, ಕಪ್ಪುಜನರಿಗೆ ಬೇರೆಯೇ ವಾರ್ಡುಗಳಾದುವು. ವೈದ್ಯಶಾಲೆಯಿಂದ ಕಪ್ಪುವರ್ಣದ ವಿದ್ಯಾರ್ಥಿಗಳು ಮೊದಲು ಪದವಿ ಪಡೆದುದು 1967ರಲ್ಲಿ. ಹಾಪ್ಕಿನ್ಸನ ಮನೆಯಲ್ಲಿಯೇ 1840 ಮತ್ತು 1850ರ ಜನಗಣತಿಗಳಲ್ಲಿ ಗುಲಾಮರು ದಾಖಲಾಗಿದ್ದರೆಂದು 2020ರಲ್ಲಿ ಆ ವಿಶ್ವವಿದ್ಯಾನಿಲಯವೇ ಪ್ರಕಟಿಸಿತು. ಆ ದಾಖಲೆಗಳ ಅರ್ಥದ ವಿಷಯದಲ್ಲಿ ವಿದ್ವಾಂಸರೊಳಗೆ ವಿವಾದವುಂಟು. ಹೇಗೂ ಒಂದು ಸಂಗತಿ ಸ್ಥಿರ: ಕಾಗದದ ಮೇಲಣ ನಿಬಂಧನೆಯು ತನ್ನನ್ನು ತಾನೇ ಕಾಯ್ದುಕೊಳ್ಳಲಾರದು. ದಿನದಿನವೂ ಕಾಯುವವರಿಲ್ಲದಿದ್ದರೆ ಅಕ್ಷರವು ಉಳಿದು ಅರ್ಥವು ಅಳಿಯುತ್ತದೆ.

ಇದಕ್ಕಿಂತ ಕಠಿನವಾದ ಪ್ರಶ್ನೆಯನ್ನು 1951ರ ಘಟನೆಯೊಂದು ನಮ್ಮ ಮುಂದಿಡುತ್ತದೆ. ಹೆನ್ರಿಯೆಟಾ ಲ್ಯಾಕ್ಸ್ ಎಂಬ, ಐದು ಮಕ್ಕಳ ತಾಯಿಯಾದ ಬಡ ಕಪ್ಪುಮಹಿಳೆಯು ಗರ್ಭಕಂಠದ ಅರ್ಬುದರೋಗದಿಂದ ಆ ಆಸ್ಪತ್ರೆಗೆ ಬಂದು, ಅಲ್ಲಿ ಧರ್ಮಚಿಕಿತ್ಸೆಯನ್ನು ಪಡೆದು, ಅದೇ ಅಕ್ಟೋಬರಿನಲ್ಲಿ 31ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಗಡ್ಡೆಯಿಂದ ತೆಗೆದ ಜೀವಕೋಶಗಳು ಪ್ರಯೋಗಶಾಲೆಯಲ್ಲಿ ಸಾಯದೆ ಬೆಳೆಯುತ್ತಲೇ ಹೋದುವು. ಪೋಲಿಯೋ ಲಸಿಕೆಯ ಪರೀಕ್ಷೆಗೆ ಅವು ಬೇಕಾದುವು. ಜಗತ್ತಿನ ಪ್ರಯೋಗಶಾಲೆಗಳನ್ನೆಲ್ಲ ಸೇರಿದುವು. ಕಾಲಕ್ರಮದಲ್ಲಿ ಅನ್ಯರಿಗೆ ಮಾರಾಟದ ಸರಕೂ ಆದುವು. ಆಕೆಯನ್ನು ಯಾರೂ ಕೇಳಿರಲಿಲ್ಲ; ಅಂದಿನ ಕಾನೂನು ಕೇಳಬೇಕೆಂದೂ ಹೇಳಿರಲಿಲ್ಲ. ಮನೆಯವರಿಗೆ ತಿಳಿದುದು ಇಪ್ಪತ್ತು ವರ್ಷಗಳು ಕಳೆದ ಮೇಲೆ.

ಲೆಕ್ಕವನ್ನು ಈಗ ಹಾಕಿ ನೋಡಬೇಕು. ಆ ಸಂಸ್ಥೆಯ ಮೂಲಕ ಲೋಕಕ್ಕೆ ಹೆಚ್ಚಿನದನ್ನು ಕೊಟ್ಟವರು ಯಾರು? 70 ಲಕ್ಷ ಡಾಲರುಗಳನ್ನಿತ್ತ ವರ್ತಕನೋ, ಧರ್ಮವಾರ್ಡಿನಲ್ಲಿ ಮಲಗಿದ್ದ ಈ ಹೆಂಗಸೋ? ಆದರೆ ಆಕೆಯನ್ನು ದಾನಿಯೆನ್ನಲೂ ನಾಲಗೆ ತಡೆಯುತ್ತದೆ. ಕೇಳದೆ ಪಡೆದುದನ್ನು ದಾನವೆಂದು ಹೊಗಳುವುದು ಸುಲಿಗೆಗೆ ಹೂವಿನ ಹಾರವನ್ನು ಹಾಕಿದಂತೆ. ವಿದ್ಯಾಲಯಕ್ಕೆ ಸೇರಿದ ಆಸ್ಪತ್ರೆಗೂ ಉಳಿದ ಆಸ್ಪತ್ರೆಗಳಿಗೂ ಇರುವ ವ್ಯತ್ಯಾಸವೇ ಇದು. ಆಸ್ಲರನು ವಿದ್ಯಾರ್ಥಿಗಳನ್ನು ರೋಗಿಯ ಹಾಸಿಗೆಯ ಬಳಿಗೆ ಕರೆತಂದು ಅಲ್ಲಿಯೇ ಪಾಠ ಹೇಳಿದನೆಂದು ಎಲ್ಲರೂ ಹೊಗಳುತ್ತಾರೆ. ಹೊಗಳತಕ್ಕದ್ದೇ. ಆದರೆ ಆ ಪಾಠದ ಪುಸ್ತಕವು ಒಬ್ಬ ಬಡವನ ದೇಹ. ಹಣ ಕೊಡಲಾರದ ರೋಗಿಯು ಅಲ್ಲಿ ಬರಿಯ ಪ್ರತಿಗ್ರಾಹಿಯಲ್ಲ. ತನ್ನ ನೋವನ್ನು, ಲಜ್ಜೆಯನ್ನು, ಕೆಲವು ವೇಳೆ ಪ್ರಾಣವನ್ನೇ ಕೊಟ್ಟು ಮುಂದಿನ ವೈದ್ಯರನ್ನು ತಯಾರುಮಾಡುವ ದಾನಿ. ಈ ಎರಡನೆಯ ದಾನವು ಕಾಣಿಸದೆ ಇರುವುದರಿಂದಲೇ ಮೊದಲನೆಯದು ಅಷ್ಟು ದೊಡ್ಡದಾಗಿ ಕಾಣುತ್ತದೆ.

ಇದನ್ನು ಒಪ್ಪಿಕೊಂಡರೆ ದಾನದ ನಿಬಂಧನೆಯ ಪ್ರಶ್ನೆಗೂ ಉತ್ತರ ದೊರೆಯುವುದು. ಧನದ ದಾನಿಯು ತನ್ನ ಹಣಕ್ಕೆ ಷರತ್ತು ಹಾಕಬಲ್ಲನು. ದೇಹದ ದಾನಿಯು ಹಾಕಲಾರನು. ಧನಿಕನಿಗಿರುವ ಈ ಶಕ್ತಿಯು, ಇಲ್ಲದವನ ಪರವಾಗಿ ಬಳಕೆಯಾದಾಗ ಮಾತ್ರ ಧರ್ಮವೆನಿಸುತ್ತದೆ. ‘ನನ್ನ ಹಣದಿಂದ ಕಟ್ಟಿದ ಮನೆಯಲ್ಲಿ ಬಡವನನ್ನು ಕೇಳದೆ ಅವನ ಮೈಮುಟ್ಟಬೇಡಿರಿ’ ಎಂಬುದೂ ಒಂದು ನಿಬಂಧನೆ. ಅದನ್ನು ಬರೆದ ದಾನಿಯು ಗೀತೆಯ ಸಾತ್ತ್ವಿಕ ದಾನಕ್ಕೆ ದೂರನಾದವನಲ್ಲ. ಫಲವನ್ನು ತನಗಾಗಿ ಬಯಸಿದವನಲ್ಲವಷ್ಟೆ.

ನಮ್ಮ ಕಾಲದಲ್ಲಿ ಇಂಥ ದಾನಗಳ ಮೊತ್ತವು ಊಹೆಗೆ ಮೀರಿ ಬೆಳೆದಿದೆ. 2024ರ ಜುಲೈಯಲ್ಲಿ ಮೈಕಲ್ ಬ್ಲೂಮ್‌ಬರ್ಗ್ ಇದೇ ಹಾಪ್ಕಿನ್ಸ್ ಸಂಸ್ಥೆಗೆ 100 ಕೋಟಿ ಡಾಲರುಗಳನ್ನು ಕೊಟ್ಟು, ವೈದ್ಯವಿದ್ಯಾರ್ಥಿಗಳಲ್ಲಿ ಬಹುಪಾಲು ಜನರ ಶುಲ್ಕವನ್ನು ನೀಗಿಸಿದರು. ಅದೇ ವರ್ಷದ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯವಿದ್ಯಾಲಯಕ್ಕೆ, ಅಲ್ಲಿಯೇ ಬಹುಕಾಲ ಅಧ್ಯಾಪಕಿಯಾಗಿದ್ದ ರೂತ್ ಗಾಟ್ಸ್‌ಮನ್ ಅಷ್ಟೇ ಹಣವನ್ನು ಕೊಟ್ಟರು. ವಿದ್ಯಾಲಯದ ಹೆಸರನ್ನು ಬದಲಾಯಿಸಕೂಡದೆಂಬುದು ಆಕೆ ಹಾಕಿದ ನಿಬಂಧನೆ. ಹೆಸರಿಗಾಗಿ ಕೊಡುವವರೇ ಹೆಚ್ಚಾಗಿರುವ ಲೋಕದಲ್ಲಿ ಹೆಸರನ್ನಿಡಬೇಡಿರೆಂದು ಕಟ್ಟು ಹಾಕಿದುದು ಗಮನಾರ್ಹ. ಆದರೆ ಶುಲ್ಕವಿಲ್ಲದೆ ಓದಿದ ವೈದ್ಯನು ಬಡವರ ಬಳಿಗೆ ಹೋಗುವನೋ ಇಲ್ಲವೋ ಎಂಬುದನ್ನು ಯಾವ ದಾನಪತ್ರವೂ ನಿಶ್ಚಯಿಸಲಾರದು. ಅಲ್ಲಿ ದಾನಿಯ ಅಧಿಕಾರವು ಮುಗಿದು, ಪಡೆದವನ ಧರ್ಮವು ಆರಂಭವಾಗುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಕೋಟಿಗಳ ದಾನಿಗಳು ವಿರಳ. ಆಸ್ಪತ್ರೆಗೆ ಒಂದು ಮಂಚವನ್ನೋ, ಒಂದು ಕೊಠಡಿಯನ್ನೋ ಮಾಡಿಸಿಕೊಡುವವರು ಉಂಟು. ಗೋಡೆಯ ಅಮೃತಶಿಲೆಯಲ್ಲಿ ಅವರ ಹೆಸರುಗಳನ್ನೂ ಕಾಣುತ್ತೇವೆ. ಆ ಹೆಸರುಗಳನ್ನು ಅಳಿಸಬೇಕೆಂದು ಈ ಲೇಖನದ ಅಭಿಪ್ರಾಯವಲ್ಲ. ಹೆಸರನ್ನು ಕೆತ್ತಿಸುವ ಮೊದಲು, ಆ ಮಂಚದ ಮೇಲೆ ಮಲಗುವವನನ್ನು ಹೇಗೆ ಕಾಣಬೇಕೆಂಬುದನ್ನು ಒಂದು ಸಾಲಿನಲ್ಲಿ ಬರೆದುಕೊಟ್ಟು, ವರ್ಷಕ್ಕೊಮ್ಮೆಯಾದರೂ ಹೋಗಿ ಅದು ನಡೆಯುತ್ತಿದೆಯೆ ಎಂದು ಆ ರೋಗಿಯನ್ನೇ ವಿಚಾರಿಸಿದರೆ ಸಾಕು. ಅಷ್ಟು ಮಾಡಿದವನ ದಾನವು, ಮೊತ್ತವು ಎಷ್ಟೇ ಚಿಕ್ಕದಾದರೂ, ನಿಬಂಧನೆಯಿಂದ ಕುಂದುವುದಿಲ್ಲ.