ಛೇದದಲ್ಲಿ ನಿಂತವರು

ದ್ವಿತೀಯ ಪಿಯುಸಿ ಗಣಿತದಲ್ಲಿ ಬೇಯ್ಸ್ ಪ್ರಮೇಯವಿದೆ. ಅಭ್ಯಾಸದ ಲೆಕ್ಕ ಹೀಗಿರಬಹುದು: ಸಾವಿರ ಜನರಲ್ಲಿ ಒಬ್ಬರಿಗೆ ರೋಗ. ಪರೀಕ್ಷೆ ರೋಗಿಯನ್ನು ತಪ್ಪದೆ ಹಿಡಿಯುತ್ತದೆ. ಆರೋಗ್ಯವಂತರಲ್ಲೂ ನೂರಕ್ಕೆ ಐವರನ್ನು ರೋಗಿಯೆನ್ನುತ್ತದೆ. ಎಲ್ಲರನ್ನೂ ಪರೀಕ್ಷಿಸಿದರೆ ಸುಮಾರು 51 ಮಂದಿಗೆ ‘ಪಾಸಿಟಿವ್’. ಅವರಲ್ಲಿ ರೋಗವಿರುವುದು ಒಬ್ಬರಿಗೆ.

ಹತ್ತು ಸಲ ಬಿಡಿಸಿದರೆ ಸೂತ್ರ ಕೈಗೆ ಹತ್ತುತ್ತದೆ, ಅಂಕವೂ ಸಿಗುತ್ತದೆ. ಅದೇ ವಿದ್ಯಾರ್ಥಿ ಪಕ್ಕದ ಮನೆಯವರ ಬಗ್ಗೆ ಒಂದು ಸುಳಿವು ಸಿಕ್ಕೊಡನೆ ತೀರ್ಪು ಕೊಟ್ಟುಬಿಟ್ಟರೆ ಕಲಿತದ್ದೇನು? ಸುಳಿವಿಗೆ ಬೆಲೆಯಿಲ್ಲವೆಂದಲ್ಲ; ಸಾವಿರದಲ್ಲಿ ಒಂದಿದ್ದ ಅನುಮಾನ 51ರಲ್ಲಿ ಒಂದಾಯಿತು. ಆದರೂ ಅನುಮಾನ ಅಪರಾಧವಲ್ಲ. ಇದೇ ಸುಳಿವು ಎಷ್ಟು ನಿರಪರಾಧಿಗಳ ಮೇಲೂ ಬೀಳುತ್ತದೆಂದು ಕೇಳದೆ ಬೆರಳು ತೋರಿಸುವುದು ಅನ್ಯಾಯ. ಭಿನ್ನರಾಶಿಯ ಛೇದ ಬರೆಯುವಾಗ ನಾವು ಎಣಿಸುವುದು ಆ ಐವತ್ತು ಜನರನ್ನೇ.