ಯಾರ ಪಾಪದಿಂದ ಹೀಗಾಯಿತು?

ನೆಂಟರಿಷ್ಟರಲ್ಲಿ ಸೀಳು ತುಟಿಯ ಮಗುವೊಂದು ಹುಟ್ಟಿದಾಗ, ಬಾಣಂತಿಯನ್ನು ನೋಡಲು ಹೋದವರು ಏನು ಕೇಳುತ್ತಾರೆಂಬುದು ನಿಮಗೆ ಗೊತ್ತು. "ಗ್ರಹಣದ ದಿನ ಹೊರಗೆ ಬಂದಿದ್ದೆಯಾ? ಕತ್ತಿ, ಕತ್ತರಿ ಮುಟ್ಟಿದ್ದೆಯಾ?" ಗ್ರಹಣವನ್ನು ಲೆಕ್ಕಿಸದ ಕ್ರೈಸ್ತ ಮನೆಗಳಲ್ಲೂ ಅದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ: ಯಾವ ಪಾಪಕ್ಕೆ ದೇವರು ಈ ಶಿಕ್ಷೆ ಕೊಟ್ಟರು?

ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಹೀಗೇ ಕೇಳಿದ್ದರು. ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯವನ್ನು ಓದಿ ನೋಡಿ. ಅದು ಅವನ ಪಾಪದ ಫಲವೂ ಅಲ್ಲ, ಹೆತ್ತವರ ಪಾಪದ ಫಲವೂ ಅಲ್ಲವೆಂದು ಯೇಸುಸ್ವಾಮಿ ಸ್ಪಷ್ಟಪಡಿಸಿದರು. ಆದರೂ ನಾವು ಆ ಪ್ರಶ್ನೆಯನ್ನು ಬಿಟ್ಟಿಲ್ಲ.

ಗರ್ಭದಲ್ಲಿ ನಡೆಯುವುದಾದರೂ ಏನು? ನಾವೆಲ್ಲರೂ ಒಂದೇ ಜೀವಕೋಶದಿಂದ ಆರಂಭವಾದವರು. ಅದು ಎರಡಾಗಿ, ನಾಲ್ಕಾಗಿ, ಕೋಟಿಕೋಟಿಯಾಗಿ ಬೆಳೆಯುತ್ತದೆ. ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇರುವುದು ಅವೇ ವಂಶವಾಹಿಗಳು. ಹಾಗಿದ್ದರೆ ಒಂದು ಮೂಳೆಯಾಗಬೇಕು, ಇನ್ನೊಂದು ನರವಾಗಬೇಕು ಎಂದು ತಿಳಿಸುವವರಾರು? ಬಹುಮಟ್ಟಿಗೆ ನೆರೆಯ ಕೋಶಗಳೇ. ಒಂದು ಕೋಶ ಹೊರಬಿಟ್ಟ ಪ್ರೋಟೀನು ಇನ್ನೊಂದರ ಹೊರಮೈಯಲ್ಲಿರುವ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಸಂದೇಶವು ಒಳಗೆ ಕೈಯಿಂದ ಕೈಗೆ ಸಾಗಿ ಕೋಶಕೇಂದ್ರವನ್ನು ಮುಟ್ಟುತ್ತದೆ. ಕೆಲವು ವಂಶವಾಹಿಗಳನ್ನು ಎಬ್ಬಿಸುತ್ತದೆ, ಕೆಲವನ್ನು ಸುಮ್ಮನಿರಿಸುತ್ತದೆ.

ಅಮೆರಿಕದ ಸಾಂಡರ್ಸ್ ಮತ್ತು ಗ್ಯಾಸೆಲಿಂಗ್ ಎಂಬ ವಿಜ್ಞಾನಿಗಳು 1968ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದುದು. ಕೋಳಿಯ ಭ್ರೂಣದಲ್ಲಿ ಮೊಳೆಯುತ್ತಿದ್ದ ರೆಕ್ಕೆಯ ಹಿಂಬದಿಯ ಅಂಚಿನಿಂದ ಒಂದು ಚೂರನ್ನು ತೆಗೆದು ಮುಂಬದಿಗೆ ಕೂಡಿಸಿದಾಗ, ಕನ್ನಡಿಯಲ್ಲಿ ಕಂಡಂತೆ ಇನ್ನೊಂದು ಸಾಲು ಬೆರಳುಗಳು ಮೂಡಿದವು. ಆ ಚೂರು ಕಳುಹಿಸುತ್ತಿದ್ದ ಪ್ರೋಟೀನು ಯಾವುದೆಂದು 1993ರಲ್ಲಿ ತಿಳಿಯಿತು. ವಿಡಿಯೋ ಆಟದ ಪಾತ್ರವೊಂದರ ಹೆಸರನ್ನೇ ಇಟ್ಟು ಅದನ್ನು 'ಸೋನಿಕ್ ಹೆಡ್ಜ್‌ಹಾಗ್' ಎಂದು ಕರೆದರು. ನಮ್ಮ ಕಿರುಬೆರಳು ಹೆಬ್ಬೆರಳಿಗಿಂತ ಬೇರೆಯಾಗಿರಲು ಇದೂ ಕಾರಣ.

ತುಟಿಯೂ ಇಂಥ ಸಂದೇಶಗಳಿಂದಲೇ ರೂಪುಗೊಳ್ಳುತ್ತದೆ. ಮುಖದ ಪಕ್ಕಗಳಿಂದ ಬೆಳೆದುಬರುವ ಭಾಗಗಳು ಮೊದಲ ಎರಡು ತಿಂಗಳೊಳಗೆ ಒಂದನ್ನೊಂದು ಸೇರಬೇಕು. ಸೇರದಿದ್ದರೆ ಸೀಳು ಉಳಿಯುತ್ತದೆ. ಮುಂದೆ ಮೆದುಳು ಮತ್ತು ಬೆನ್ನುಹುರಿಯಾಗುವ ನರನಾಳ ಮುಚ್ಚಿಕೊಳ್ಳುವುದು ಇನ್ನೂ ಬೇಗ, ಗರ್ಭಧರಿಸಿದ ಸುಮಾರು 28 ದಿನಗಳಲ್ಲಿ. ತಾನು ಬಸುರಿಯೆಂದು ಎಷ್ಟೋ ತಾಯಂದಿರಿಗೆ ಆಗ ತಿಳಿದೇ ಇರುವುದಿಲ್ಲ. ಇದರಲ್ಲಿ ಗ್ರಹಣಕ್ಕೂ ಕತ್ತರಿಗೂ ಯಾವ ಪಾತ್ರವೂ ಇಲ್ಲ.

ಆದರೆ ನೀವು ಕೇಳಬಹುದು: ಮದ್ಯ, ಕೆಲವು ಔಷಧಿಗಳು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಭ್ರೂಣಕ್ಕೆ ಹಾನಿ ಮಾಡುತ್ತವಲ್ಲ, ಆಗಲಾದರೂ ತಾಯಿಯದು ತಪ್ಪಲ್ಲವೇ? ಕಾರಣ ಬೇರೆ, ಪಾಪ ಬೇರೆ. ಪಶ್ಚಿಮ ಜರ್ಮನಿಯಲ್ಲಿ 1957ರಲ್ಲಿ ಮಾರಾಟಕ್ಕೆ ಬಂದ ಥಾಲಿಡೋಮೈಡ್ ಗುಳಿಗೆಯನ್ನು ಅಪಾಯವಿಲ್ಲವೆಂದು ನಂಬಿ ಗರ್ಭಿಣಿಯರು ನುಂಗಿದರು. 1961ರಲ್ಲಿ ಅಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅಷ್ಟರಲ್ಲಿ ಹಲವು ದೇಶಗಳ ಸಾವಿರಾರು ಶಿಶುಗಳ ಕೈಕಾಲುಗಳು ಊನಗೊಂಡಿದ್ದವು. ನುಂಗಿದವಳು ತಾಯಿಯೇ, ಆದರೆ ಪಾಪ ಅವಳದೇ? ಧರ್ಮೋಪದೇಶದ ತರಗತಿಯಲ್ಲಿ ಕಲಿತದ್ದನ್ನು ನೆನೆಯಿರಿ. ಮಾರಕ ಪಾಪವಾಗಲು ವಿಷಯ ಗಂಭೀರವಾಗಿದ್ದರೆ ಸಾಲದು, ಪೂರ್ಣ ಅರಿವೂ ಪೂರ್ಣ ಸಮ್ಮತಿಯೂ ಇರಬೇಕು. ಅರಿವೇ ಇಲ್ಲದವಳ ಮೇಲೆ ಪಾಪದ ಹೊರೆ ಹೊರಿಸಲು ನಮಗೆ ಅಧಿಕಾರ ಕೊಟ್ಟವರಾರು?

ಅರಿತವರಿಗೆ ಮಾತ್ರ ಹೊಣೆಯುಂಟು. ಹಿಂದೆ ನರನಾಳದ ಊನವಿದ್ದ ಮಗುವನ್ನು ಹೆತ್ತ ತಾಯಂದಿರು ಗರ್ಭಧಾರಣೆಗೆ ಮುಂಚಿನಿಂದ ಫೋಲಿಕ್ ಆಮ್ಲ ಸೇವಿಸಿದರೆ, ಅದು ಮರುಕಳಿಸುವುದು ನಾಲ್ಕರಲ್ಲಿ ಮೂರು ಪಾಲಿನಷ್ಟು ತಗ್ಗುತ್ತದೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 1991ರಲ್ಲೇ ತೋರಿಸಿತು. ವಿವಾಹ ಸಿದ್ಧತಾ ಶಿಬಿರಗಳಲ್ಲಿ ನಮ್ಮ ಯುವಕ ಯುವತಿಯರಿಗೆ ಇದನ್ನು ತಿಳಿಸುತ್ತಿದ್ದೇವೆಯೇ? ವೈದ್ಯರ ಸಲಹೆ ಪಡೆಯಲು ಹೇಳುತ್ತಿದ್ದೇವೆಯೇ? ಸೀಳು ತುಟಿಯನ್ನು ಸಾಮಾನ್ಯವಾಗಿ ಮೊದಲ ವರ್ಷದೊಳಗೇ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದೆಂದು ಗಾಬರಿಗೊಂಡ ತಂದೆತಾಯಿಗೆ ಹೇಳುವವರು ಯಾರು?

ಪ್ರಿಯ ಓದುಗರೇ, ಇನ್ನು ಮುಂದೆ ಅಂಥ ಮಗುವನ್ನು ನೋಡಲು ಹೋದಾಗ "ಏನು ಮಾಡಿದ್ದೆ?" ಎಂದು ಕೇಳಬೇಡಿ. ಮಗುವನ್ನು ಎತ್ತಿಕೊಳ್ಳಿ, ಹೆಸರೇನಿಡುತ್ತೀರಿ ಎಂದು ಕೇಳಿ, ಆಸ್ಪತ್ರೆಗೆ ಜೊತೆಯಲ್ಲಿ ಬರುತ್ತೇನೆಂದು ಹೇಳಿ. ಆ ತಾಯಿಗೆ ಅಂದು ಬೇಕಾಗಿರುವುದು ಅಷ್ಟೇ.