ಸಹಿ ಹಾಕದ ಜಾಮೀನುದಾರ

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನನಗೊಂದು ಆಸೆ ಹುಟ್ಟಿತು. ಹುಟ್ಟಿತು ಅನ್ನುವುದಕ್ಕಿಂತ, ಹಳೆಯದು ಎದ್ದು ಕೂತಿತು ಎನ್ನಬೇಕು. ಬೊಂಬಾಯಿಗೆ ವರ್ಗವಾಗಿ ಬಂದ ಹೊಸತರಲ್ಲಿ ಭಾನುವಾರ ಹೋಗಲು ಮನೆಯೂ ಇಲ್ಲ, ನೆಂಟರೂ ಇಲ್ಲ. ಮರೀನ್ ಡ್ರೈವಿನಲ್ಲಿ 1951ರಲ್ಲಿ ತೆರೆದ ತಾರಾಪೋರವಾಲಾ ಮತ್ಸ್ಯಾಲಯಕ್ಕೆ ಹೋಗಿ ಗಾಜಿನೆದುರು ನಿಂತುಬಿಡುತ್ತಿದ್ದೆ. ಊರಿನ ಬಾವಿಯಲ್ಲಿ ಮೀನು ನೋಡಿ ಬೆಳೆದವನಿಗೆ ಅದೇ ತವರು. ನಮ್ಮದೂ ಒಂದು ದೊಡ್ಡ ತೊಟ್ಟಿ ಇರಬೇಕು ಎಂದು ಆಗಲೇ ಅಂದುಕೊಂಡಿದ್ದೆ.

ಆರು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಎಂದು ನಿಶ್ಚಯಿಸಿದೆ. ಲೆಕ್ಕ ಹಾಕುವ ಚಟ ಬಿಟ್ಟಿರಲಿಲ್ಲವಲ್ಲ. ಒಂದು ಘನ ಅಡಿಗೆ 28 ಲೀಟರು ಚಿಲ್ಲರೆ. ಮೇಲೆ ಎರಡಿಂಚು ಬಿಟ್ಟರೂ 620 ಲೀಟರು, ಅಂದರೆ ಅಷ್ಟೇ ಕಿಲೋ. 12 ಮಿಲಿಮೀಟರು ಗಾಜಿನದೇ 120 ಕಿಲೋ. ಮರಳು, ಕಲ್ಲು, ಸ್ಟ್ಯಾಂಡು ಸೇರಿ ಹತ್ತಿರ ಹತ್ತಿರ 900 ಕಿಲೋ. ಇದನ್ನು ಹೊರುವ ಸ್ಟ್ಯಾಂಡು ಸಾಮಾನ್ಯದ್ದಾಗಬಾರದು ಎಂದು ರೇ ರೋಡಿನ ದಾರೂಖಾನಾಕ್ಕೆ ಹೋಗಿ 40 ಮಿಲಿಮೀಟರಿನ ಚೌಕ ಪೈಪು ತಂದೆ. ನಾಲ್ಕಲ್ಲ, ಆರು ಕಾಲು. ಭಾರ ಸ್ಕ್ರೂಗಳಿಗೆ ಜೋತು ಬೀಳದೆ ನೇರ ಕಾಲುಗಳ ಮೇಲೆ ಇಳಿಯಬೇಕು; ಕಾಲುಗಳು ನೆಲಕ್ಕೆ ಚುಚ್ಚದಂತೆ ಕೆಳಗೂ ಸುತ್ತ ಒಂದು ಪಟ್ಟಿ ಬೇಕು. ಮೇಲೆ ಮರೀನ್ ಪ್ಲೈ, ಅದರ ಮೇಲೆ ಥರ್ಮೋಕೋಲ್ ಹಾಳೆ. ಅಲ್ಲೊಂದು ಸಣ್ಣ ಉಬ್ಬಿದ್ದರೂ ಗಾಜಿನ ತಳ ಬಿರುಕು ಬಿಡುತ್ತದೆ. ಮಟ್ಟಗೋಲು ಇಟ್ಟು ನೋಡಿದ ವೆಲ್ಡಿಂಗ್ ಮಿಸ್ತ್ರಿ ಹೆಮ್ಮೆಯಿಂದ, "ಸಾಬ್, ಇಸ್ ಪೆ ಹಾಥಿ ಖಡಾ ಕರ್ ದೋ" ಎಂದ.

ಆನೆ ನಿಲ್ಲಿಸಬಹುದು ಸರಿ. ಆದರೆ ಆನೆ ಸಮೇತ ಈ ಸ್ಟ್ಯಾಂಡು ನಿಲ್ಲುವುದು ಯಾವುದರ ಮೇಲೆ? ರಾತ್ರಿ ಮಲಗಿದಾಗ ಈ ಪ್ರಶ್ನೆ ಬಂತು. ನಮ್ಮದು ಮುಲುಂಡಿನಲ್ಲಿ ಮೂರನೇ ಮಾಳಿಗೆ. ನನ್ನ ನೆಲವೆಂದರೆ ಎರಡನೇ ಮಾಳಿಗೆಯ ಮಾವಶಿಯ ಸೂರು. ಎಂಬತ್ತು ದಾಟಿದ ಆಕೆ ಮಲಗುವ ಮಂಚ ಸರಿಯಾಗಿ ಆ ಮೂಲೆಯ ಕೆಳಗೇ ಇದೆ.

ನಮ್ಮ ದೇಶದ ಕಟ್ಟಡ ಮಾನಕ ಐ.ಎಸ್. 875ರ ಪ್ರಕಾರ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ಲೆಕ್ಕ ಹಿಡಿಯುತ್ತಾರೆ. ನನ್ನ ತೊಟ್ಟಿ ನಿಂತ ಜಾಗದಲ್ಲಿ ಅದರ ನಾಲ್ಕು ಪಟ್ಟು. ಸ್ನೇಹಿತರೊಬ್ಬರು ನಕ್ಕರು. "ಮೊನ್ನೆ ಸತ್ಯನಾರಾಯಣ ಪೂಜೆಗೆ ನಿಮ್ಮ ಹಾಲಿನಲ್ಲಿ ಇಪ್ಪತ್ತು ಜನ ಕೂತಿದ್ದೆವಲ್ಲ ಮಾರಾಯ್ರೇ, ಅದೂ ಒಂದು ಟನ್ನೇ. ಸೂರು ಬಿತ್ತೇ?" ಮಾತು ಸುಳ್ಳಲ್ಲ. ಆದರೆ ಇಪ್ಪತ್ತು ಜನ ಕೋಣೆಯ ತುಂಬ ಹರಡಿ ಕೂರುತ್ತಾರೆ, ಪ್ರಸಾದ ತಿಂದು ಮನೆಗೆ ಹೋಗುತ್ತಾರೆ. ತೊಟ್ಟಿ ಒಂದೇ ಕಡೆ, ಹಗಲೂ ರಾತ್ರಿ, ವರ್ಷಗಟ್ಟಲೆ. ಬಿಡದೆ ಇರುವ ಭಾರದಡಿ ಕಾಂಕ್ರೀಟು ನಿಧಾನವಾಗಿ ಬಾಗುತ್ತಲೇ ಹೋಗುತ್ತದೆ.

ಇನ್ನೂ ಒಂದು ನೆನಪು. 2017ರ ಜುಲೈಯಲ್ಲಿ, ನಮ್ಮಿಂದ ದೂರವೇನಲ್ಲದ ಘಾಟ್ಕೋಪರಿನಲ್ಲಿ ಒಂದು ವಸತಿ ಕಟ್ಟಡ ಕುಸಿದು 17 ಜನ ಸತ್ತರು. ನೆಲಮಹಡಿಯಲ್ಲಿ ನಡೆದಿದ್ದ ಮಾರ್ಪಾಟಿನ ಕೆಲಸವೇ ಕಾರಣವೆಂಬ ಆರೋಪ ಬಂತು. ಒಬ್ಬರ ಗೋಡೆಯೊಳಗಿನ ಕೆಲಸ ಬರೀ ಅವರದಾಗಿ ಉಳಿಯುವುದಿಲ್ಲ.

ಬ್ಯಾಂಕಿನಲ್ಲಿ ಸಾಲ ಕೊಡುವಾಗ ಜಾಮೀನುದಾರನನ್ನು ಎದುರು ಕೂರಿಸಿ ಸಹಿ ಹಾಕಿಸುತ್ತಿದ್ದೆವು. 1872ರ ಕರಾರು ಕಾಯ್ದೆಯ 128ನೇ ಕಲಮು ಅವನ ಹೊಣೆ ಸಾಲಗಾರನಷ್ಟೇ ಎನ್ನುತ್ತದೆ. 133ನೇ ಕಲಮು ಅವನ ಪರ: ಅವನನ್ನು ಕೇಳದೆ ಷರತ್ತು ಬದಲಿಸಿದರೆ ಆಮೇಲಿನ ವ್ಯವಹಾರಕ್ಕೆ ಅವನು ಹೊಣೆಯಲ್ಲ. ಮಾವಶಿ ನನ್ನ ಆಸೆಗೆ ಜಾಮೀನುದಾರಳು. ಆದರೆ ಸಹಿ ಹಾಕಿಲ್ಲ. ಬಿಡುಗಡೆಯ ಕಲಮೂ ಆಕೆಗಿಲ್ಲ.

ಕೆಳಗಿಳಿದು ಹೋಗಿ ಹೇಳಿದೆ. ಆಕೆ ಚಹಾ ಕೊಟ್ಟು, "ವಿಚಾರ್ಲಂತ, ಹೇಚ್ ಖೂಪ್ ಝಾಲಂ" ಅಂದರು. ಕೇಳಿದಿರಲ್ಲ, ಅದೇ ಬೇಕಾದಷ್ಟಾಯಿತು ಎಂದು. ಇಡಿ, ಮಕ್ಕಳು ನೋಡಲಿ ಎಂದೂ ಹೇಳಿದರು. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಆಕೆಯ ಒಪ್ಪಿಗೆ ಸೌಜನ್ಯದ್ದು, ಲೆಕ್ಕ ತಿಳಿದು ಕೊಟ್ಟದ್ದಲ್ಲ. ಕೇಳುವುದು ಬೇಕು, ಆದರೆ ಕೇಳಿದ ಮಾತ್ರಕ್ಕೆ ಭಾರ ಇಳಿಯುವುದಿಲ್ಲ. ಒಳ್ಳೆಯವರ 'ಹೂಂ' ಅನ್ನು ರಸೀದಿಯ ಹಾಗೆ ಇಟ್ಟುಕೊಳ್ಳುವುದೂ ಒಂದು ಬಗೆಯ ಮೋಸವೇ.

ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ರಚನಾ ತಪಾಸಣೆ ಕಡ್ಡಾಯ. ನಮ್ಮ ಸೊಸೈಟಿಯ ತಪಾಸಣೆ ಮಾಡಿದ ಎಂಜಿನಿಯರನ್ನು ಕೇಳಿದೆ. "ಗೋಡೆಗೆ ತಾಗಿಸಿ, ತೊಲೆಯ ಮೇಲೆ ಬರುವ ಹಾಗೆ ಇಟ್ಟರೆ ತಡೆದೀತು. ಆದರೆ ಈ ಕಟ್ಟಡದ ಸರಳು ಕೆಲವು ಕಡೆ ತುಕ್ಕು ಹಿಡಿದಿದೆ. ಬರೆದು ಕೊಡಲಾರೆ" ಎಂದರು. ಬರೆದು ಕೊಡಲಾಗದ್ದನ್ನು ನಂಬಬಾರದೆಂದು ನಾನೇ ಎಷ್ಟು ಕಿರಿಯರಿಗೆ ಪಾಠ ಹೇಳಿಲ್ಲ! ತೊಟ್ಟಿ ಮೂರಡಿಗೆ ಇಳಿಯಿತು. ಎಲ್ಲ ಸೇರಿ, ಆ ಆನೆಯ ಸ್ಟ್ಯಾಂಡಿನೊಂದಿಗೆ, ಮುನ್ನೂರು ಕಿಲೋ ಒಳಗೆ. ಮೇಲೆ ಅರ್ಧ ಜಾಗ ಖಾಲಿ. ನೋಡಿದವರು ನಗುತ್ತಾರೆ.

ಕತೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಖಾಲಿ ಬಿದ್ದ ಆ ಮೂರಡಿ ನನ್ನನ್ನು ಬಿಡುವುದಿಲ್ಲ. ಊರು ಬಿಡುವಾಗ ನಾನು ಇಳಿಸಿ ಬಂದ ಭಾರ ಯಾರ ಮೇಲೆ ಬಿತ್ತು? ತಮ್ಮನಿಗೂ ಓದುವ ಆಸೆಯಿತ್ತು. ತೋಟ, ದನ, ಕೊನೆಗೆ ಹಾಸಿಗೆ ಹಿಡಿದ ಅಮ್ಮ, ಎಲ್ಲ ಅವನ ಪಾಲಿಗೆ. ನಾನು ತಿಂಗಳು ತಪ್ಪದೆ ಮನಿಯಾರ್ಡರು ಕಳಿಸಿದೆ. ನನ್ನ ಕರ್ತವ್ಯದ ಸ್ಟ್ಯಾಂಡು ಗಟ್ಟಿಯಿದೆ ಎಂದು ನಂಬಿದ್ದೆ. ಅದು ನಿಂತಿದ್ದ ನೆಲ ತಮ್ಮನ ಹೆಗಲೆಂದು ಕಾಣಲೇ ಇಲ್ಲ. ಕೇಳಿದ್ದರೆ ಅವನೂ ಮಾವಶಿಯ ಹಾಗೆ 'ಆಯಿತು' ಎನ್ನುತ್ತಿದ್ದ. ಅದಕ್ಕೇ ಕೇಳಲಿಲ್ಲವೋ, ಕೇಳಬೇಕೆಂದು ಹೊಳೆಯಲಿಲ್ಲವೋ. ಪರವೂರಲ್ಲಿ ಎತ್ತರಕ್ಕೆ ಹೋದ ನಮ್ಮಲ್ಲಿ ಬಹಳ ಮಂದಿಯ ಕೆಳಗೆ ಹೀಗೊಂದು ಸೂರು ನಿಧಾನವಾಗಿ ಬಾಗುತ್ತಿರುತ್ತದೆ.

ಮೊನ್ನೆ ಫೋನಿನಲ್ಲಿ ಹೇಗೋ ಧೈರ್ಯ ಮಾಡಿ ಇದನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಈಗ ಕೇಳಿ ಎಂತ ಆಗ್ಬೇಕು ಅಣ್ಣಾ? ಅಂಗಳದಲ್ಲಿ ಅಡಿಕೆ ಹರಡಿದ್ದೇನೆ, ಮಳೆ ಬರುವ ಹಾಗಿದೆ" ಎಂದು ಫೋನಿಟ್ಟ.

ನನಗೆ ಬರಬೇಕಾದ ಉತ್ತರವೇ ಅದು. ಮುಂದಿನ ಕೊಯ್ಲಿಗೆ ಊರಿಗೆ ಹೋಗುವುದೆಂದು ಟಿಕೆಟು ತೆಗೆಸಿದ್ದೇನೆ.